ಹಳೆಯ ಮ್ಯಾಗಜೀನು, ಹೊಸ ಪಿಸ್ತೂಲು

ಅವರ ಬಲಗೈ ಕಿರುಬೆರಳಿನ ತುದಿ ಯಾವಾಗಲೂ ಕಪ್ಪಗಿರುತ್ತಿತ್ತು. ಉಳಿದ ಬೆರಳುಗಳೆಲ್ಲ ಶುಭ್ರ, ಉಗುರು ಒಪ್ಪವಾಗಿ ಕತ್ತರಿಸಿದ್ದು. ಅದೊಂದರ ಮಸಿ ಮಾತ್ರ ಯಾವ ಸೋಪಿಗೂ ಬಗ್ಗುತ್ತಿರಲಿಲ್ಲ. ಯಾವುದೇ ಪಿಸ್ತೂಲು ಕೈಗೆ ಬರಲಿ, ಪೆಟ್ಟಿಗೆಯಿಂದ ಆಗಷ್ಟೇ ತೆಗೆದ ಹೊಸದಿರಲಿ, ತಾವೇ ಈಗ ಕೆಳಗಿಟ್ಟದ್ದಿರಲಿ, ಅವರು ಮೊದಲು ಮ್ಯಾಗಜೀನು ತೆಗೆಯುತ್ತಿದ್ದರು. ಆಮೇಲೆ ಮೇಲಿನ ಸ್ಲೈಡನ್ನು ಹಿಂದಕ್ಕೆಳೆದು, ನಳಿಗೆಯ ಹಿಂಬದಿಯಲ್ಲಿ ಗುಂಡು ಕೂರುವ ಗೂಡಿನೊಳಗೆ ಆ ಕಿರುಬೆರಳನ್ನು ತೂರಿಸುತ್ತಿದ್ದರು. ಕಣ್ಣಿನಿಂದ ನೋಡಿದರೆ ಅವರಿಗೆ ಸಾಲದು.

"ಕಣ್ಣು ತನಗ ಬೇಕಾದ್ದ ನೋಡ್ತೈತ್ರಿ ತಂಗಿ. ಬಟ್ಟು ಹಂಗಲ್ಲ" ಎನ್ನುತ್ತಿದ್ದರು.

ಮ್ಯಾಗಜೀನು ಎಂದರೆ ಪಿಸ್ತೂಲಿನ ಹಿಡಿಯೊಳಗೆ ಕೆಳಗಿನಿಂದ ತೂರಿಸುವ, ಗುಂಡು ತುಂಬಿದ ಉದ್ದನೆಯ ಡಬ್ಬಿ. ಅದನ್ನು ಹೊರಗೆ ತೆಗೆದರೆ ಪಿಸ್ತೂಲು ಖಾಲಿಯಾಯಿತು ಎಂದು ಹೊಸಬರು ತಿಳಿಯುತ್ತಾರೆ. ಆದರೆ ಅದಕ್ಕೂ ಮೊದಲೇ ಡಬ್ಬಿಯಿಂದ ಮೇಲಕ್ಕೆ ಏರಿದ ಒಂದು ಗುಂಡು ಗೂಡಿನಲ್ಲಿ ಕೂತಿರಬಹುದು. ಅವರ ಭಯವೆಲ್ಲ ಆ ಒಂದು ಗುಂಡಿನದು.

ಡೆಟ್ರಾಯಿಟ್ ಹೊರವಲಯದ ವಿಕ್ಸಮ್‌ನ ಕೈಗಾರಿಕಾ ವಸಾಹತಿನಲ್ಲಿ ಅವರ ಅಂಗಡಿ. ಒಂದು ಪಕ್ಕದಲ್ಲಿ ಕಾರಿನ ಬಿಡಿಭಾಗಗಳಿಗೆ ಅಚ್ಚು ಮಾಡುವವರು, ಇನ್ನೊಂದು ಪಕ್ಕದಲ್ಲಿ ನೆಲಹಾಸಿನ ಗೋದಾಮು. ಅವರು ವಿಜಯಪುರದವರು. ಕೊನೆಯವರೆಗೂ ಬಿಜಾಪುರ ಎಂದೇ ಅನ್ನುತ್ತಿದ್ದರು. ಶಿಕಾಗೋದ ಹೊರವಲಯದಲ್ಲಿ ಅಚ್ಚಿನ ಕಾರ್ಖಾನೆಯೊಂದರಲ್ಲಿ ದುಡಿದು, ಮಿಶಿಗನ್‌ಗೆ ಬಂದು ಅದೇ ಕೆಲಸ ಮುಂದುವರಿಸಿ, ಆ ಕಾರ್ಖಾನೆ ಮುಚ್ಚಿದಾಗ ಪಕ್ಕದ ಬಂದೂಕಿನ ಅಂಗಡಿಯನ್ನು ನಿವೃತ್ತನಾಗುತ್ತಿದ್ದ ಅಮೆರಿಕನ್ ಮುದುಕನಿಂದ ಕೊಂಡುಕೊಂಡವರು. ಡೆಟ್ರಾಯಿಟ್ ಸುತ್ತಲಿನ ಕನ್ನಡಿಗರಿಗೆ ಅವರು ಗನ್ ಅಂಕಲ್. ಯುಗಾದಿ ಊಟದ ಸಾಲಿನಲ್ಲಿ ಅವರ ವಿಳಾಸ ಕೇಳುವವರು ದನಿ ತಗ್ಗಿಸಿಯೇ ಕೇಳುತ್ತಿದ್ದರು, ಮಾನಸಿಕ ವೈದ್ಯರ ವಿಳಾಸ ಕೇಳುವ ಹಾಗೆ.

ಬಂದೂಕು ಮಾರುವವರಲ್ಲಿ ಅಷ್ಟು ಅಂಜುವ ಮನುಷ್ಯನನ್ನು ನಾನು ನೋಡಿಲ್ಲ. ಅಂಗಡಿಯ ಬಾಗಿಲು ಹಾಕಿ ಕಾರಿನವರೆಗೆ ಹೋಗಿ ಮತ್ತೆ ಬಂದು ಹಿಡಿ ಜಗ್ಗಿ ನೋಡುವರು. ಅಂಜಿಕೆಯಿಲ್ಲದ ಗಿರಾಕಿಯನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಒಮ್ಮೆ ಟ್ರಾಯ್ ಕಡೆಯ ಎಂಜಿನಿಯರೊಬ್ಬ ಪಿಸ್ತೂಲನ್ನು ಕೆನ್ನೆಯ ಪಕ್ಕ ಹಿಡಿದು ಫೋಟೊ ತೆಗೆಸಿಕೊಳ್ಳಲು ನಿಂತ. ಅಂಕಲ್ ಮೆತ್ತಗೆ ಅದನ್ನು ಇಸಿದುಕೊಂಡು ಗಾಜಿನ ಪೆಟ್ಟಿಗೆಯೊಳಗೆ ಇಟ್ಟರು.

"ಇದು ಮಾರಾಟಕ್ಕಿಲ್ರಿ."

"ಮತ್ತೆ ಹೊರಗೆ ಫಾರ್ ಸೇಲ್ ಅಂತ ಬೋರ್ಡ್ ಇದೆಯಲ್ಲ ಅಂಕಲ್?"

"ಬೋರ್ಡ್ ಬೇಕಾದ್ರ ಬಿಚ್ಚಿ ಕೊಡ್ತೀನ್ರಿ. ಒಯ್ರಿ."

ನಾನು ಕೆಲಸ ಮಾಡುವುದು ಡೆಟ್ರಾಯಿಟ್‌ನ ಒಂದು ಸುದ್ದಿಮನೆಯಲ್ಲಿ. ಪೊಲೀಸ್ ಮತ್ತು ಕೋರ್ಟಿನ ಸಣ್ಣ ಸುದ್ದಿಗಳು ನನ್ನ ಮೇಜಿಗೆ ಬರುತ್ತವೆ. ಪಿಸ್ತೂಲು ಒರೆಸುವಾಗ ಗುಂಡು ಹಾರಿತು, ಖಾಲಿಯೆಂದು ತಿಳಿದಿದ್ದರು, ಮನೆಯವರೇ ಗಾಯಗೊಂಡರು. ಹೆಸರು, ವಯಸ್ಸು, ಬೀದಿ ಸರಿಯಿದೆಯೇ ಎಂದು ನೋಡಿ ಮುಂದಕ್ಕೆ ಕಳಿಸುವುದು ನನ್ನ ಕೆಲಸ. ಆದ್ದರಿಂದ ನನ್ನ ಗಂಡ ಪಿಸ್ತೂಲಿನ ಮಾತೆತ್ತಿದಾಗ ನಾನು ಬಹಳ ದಿನ ಒಪ್ಪಲಿಲ್ಲ.

ಅವನ ಕಾರಣವೂ ಸುಳ್ಳಾಗಿರಲಿಲ್ಲ. ಲಿವೋನಿಯಾದ ನಮ್ಮ ಸಬ್‌ಡಿವಿಷನ್ನಿನಲ್ಲಿ, ನಮ್ಮಿಂದ ಎರಡು ಮನೆ ಆಚೆ, ಮನೆಯವರು ಮದುವೆಗೆ ಹೋಗಿದ್ದಾಗ ಕಳ್ಳರು ನುಗ್ಗಿದ್ದರು. ಟಿ.ವಿ. ಮುಟ್ಟಿರಲಿಲ್ಲ. ನೇರ ದೇವರ ಗೂಡು, ಆಮೇಲೆ ಅಕ್ಕಿಯ ಡಬ್ಬ. "ನಮ್ಮವರು ಒಡವೆ ಎಲ್ಲಿಡ್ತಾರೆ ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು" ಅಂದ ನನ್ನ ಗಂಡ. ಒಳಗೆ ಯಾರಾದರೂ ಇದ್ದಿದ್ದರೆ ಎಂಬುದನ್ನು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೊನೆಗೆ ಒಂದು ಷರತ್ತು ಹಾಕಿದೆ. ಮನೆಗೆ ಅದು ಬರುವುದಾದರೆ ನಾನೂ ಕಲಿಯುತ್ತೇನೆ, ಒಂದು ಮಾತೂ ತಪ್ಪಿಹೋಗದ ಹಾಗೆ ಕನ್ನಡದಲ್ಲಿ ಹೇಳಿಕೊಡುವವರ ಹತ್ತಿರ. ಹಾಗೆ ಅವರ ಅಂಗಡಿಗೆ ಹೋದೆವು.

ಅಂಕಲ್ ಕೌಂಟರಿನ ಮೇಲೆ ರಬ್ಬರ್ ಹಾಸು ಹರಡಿ, ಎರಡು ಪಿಸ್ತೂಲುಗಳನ್ನು ಅಕ್ಕಪಕ್ಕ ಇಟ್ಟರು. ಎರಡೂ ಒಂದೇ ಕಂಪನಿಯ ಒಂದೇ ಮಾಡೆಲ್, ಇಲ್ಲಿನ ಪೊಲೀಸರ ಸೊಂಟದಲ್ಲಿ ಹೆಚ್ಚಾಗಿ ಕಾಣುವಂಥದ್ದು. ಹೆಸರು ಇಲ್ಲಿ ಬೇಡ.

"ಇದು ಮೂರನೇ ಪೀಳಿಗಿ, ಇದು ಐದನೇದು. ನಡುಕಿಂದು ನಾಕನೇದು, ಅದರ ಸುದ್ದಿ ಬಿಡ್ರಿ" ಅಂದರು.

"ಎರಡೂ ಒಂದೇ ಥರ ಇದೆಯಲ್ಲ ಅಂಕಲ್" ಅಂದ ನನ್ನ ಗಂಡ.

"ದೂರದಿಂದ ನೋಡಿದ್ರ ನಾನೂ ನನ್ನ ತಮ್ಮನೂ ಒಂದ ಕಾಣ್ತೀವ್ರಿ ಸಾಹೇಬ್ರ. ಅವನ ಕೈಯಾಗ ಸೈಕಲ್ ಸುದ್ದಾ ಕೊಡಬ್ಯಾಡ್ರಿ."

ಹಳೆಯದರ ಹಿಡಿಯ ಮುಂಭಾಗದಲ್ಲಿ ಬೆರಳು ಕೂರಲು ತಗ್ಗುಗಳಿದ್ದವು. ಅವರು ಹಿಡಿದು ತೋರಿಸಿದರೆ ಅವರ ಕೈಗೆಂದೇ ಅಚ್ಚು ಹಾಕಿದಂತೆ ಕೂತಿತು. ಹೊಸದರಲ್ಲಿ ಆ ಜಾಗ ನುಣ್ಣಗೆ ನೇರ. ಅವರಿಗೆ ಅದು ದೊಡ್ಡ ನಷ್ಟ. ಕಂಪ್ಯೂಟರಿನ ಮುಂದೆ ಕೂತಿದ್ದ ಅವರ ಮಗಳು ತಲೆ ಎತ್ತದೆ ಇಂಗ್ಲಿಷಿನಲ್ಲಿ ಹೇಳಿದಳು: ಆ ತಗ್ಗು ನಿಮ್ಮ ಕೈಗೆ ಮಾತ್ರ ಸರಿ ಅಬ್ಬಾ, ಬೇರೆಯವರ ಬೆರಳು ದಿಬ್ಬದ ಮೇಲೆ ಕೂರುತ್ತದೆ, ಅದಕ್ಕೇ ತೆಗೆದರು. ಆಕೆ ಇಲ್ಲೇ ಹುಟ್ಟಿ ಬೆಳೆದವಳು. ಅಪ್ಪನನ್ನು ಅಬ್ಬಾ ಎನ್ನುತ್ತಿದ್ದಳು. ಅವರ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನದು.

ಈ ಜಗಳ ಹೊಸದಲ್ಲ ಎಂದು ನೋಡಿದ ಕೂಡಲೇ ತಿಳಿಯಿತು. ಹಳೆಯದರಲ್ಲಿ ಸ್ಲೈಡ್ ತಡೆಯುವ ಸಣ್ಣ ಕೀಲು ಒಂದು ಬದಿಗೆ ಮಾತ್ರ, ಹೊಸದರಲ್ಲಿ ಎರಡೂ ಬದಿಗೆ. "ಒಂದು ಕಿವಿ ಸಾಲದಂತ ಎರಡು ಕಿವಿ ಹಚ್ಚ್ಯಾರ" ಅಂದರು ಅಂಕಲ್. ಹೊಸದರ ಟ್ರಿಗರ್ ಮೃದು ಎಂದಳು ಮಗಳು. ಮೃದು ಯಾಕೆ ಬೇಕು, ಇದೇನು ಚಪಾತಿಯೇ ಎಂದರು ಅವರು. ಮ್ಯಾಗಜೀನು ಬಿಡಿಸುವ ಗುಂಡಿ ಹಳೆಯದರಲ್ಲಿ ಬಲಗೈ ಹೆಬ್ಬೆರಳಿಗೆ ಎಟಕುವಂತೆ ಒಂದೇ ಕಡೆ ಇರುತ್ತದೆ. ಹೊಸದರಲ್ಲಿ ಅದನ್ನು ಬಿಚ್ಚಿ ಎಡಗೈಯವರಿಗಾಗಿ ಆ ಕಡೆಗೆ ಹಾಕಬಹುದು. ಮಗಳು ಇದನ್ನು ಹೇಳಿದಾಗ ಅಂಕಲ್ ಚಹಾ ಸೋಸಲು ಎದ್ದು ಹೋದರು. ಹೊಸದರ ಗುಣಗಾನ ನಡೆಯುವಾಗ ಅವರಿಗೆ ಯಾವಾಗಲೂ ಬೇರೆ ಕೆಲಸ ನೆನಪಾಗುತ್ತಿತ್ತು.

ಹಳೆಯದು, ಹೊಸದು ಯಾವುದರಲ್ಲೂ ನಾನು ಹುಡುಕುತ್ತಿದ್ದುದು ಕಾಣಲಿಲ್ಲ.

"ಲಾಕ್ ಎಲ್ಲಿದೆ ಅಂಕಲ್?"

"ಇಲ್ರಿ ತಂಗಿ. ಇದರಾಗೂ ಇಲ್ಲ, ಅದರಾಗೂ ಇಲ್ಲ. ಟ್ರಿಗರ್ ಒತ್ತಿದ್ರ ಹಾರ್ತೈತಿ, ಒತ್ತದಿದ್ರ ಇಲ್ಲ. ಲಾಕ್ ಅಂದ್ರ ನೀವ."

ನಗುತ್ತ ಹೇಳಲಿಲ್ಲ. ನನ್ನ ಮುಖ ನೋಡಿ, ಕೈಗೆ ಬಂದರೆ ಧೈರ್ಯ ಬರುತ್ತದೆಂದು ಹೊಸ ಪಿಸ್ತೂಲನ್ನು ಖಾಲಿಯೆಂದು ಬೆರಳಿಟ್ಟು ನೋಡಿ ನನಗೆ ಕೊಟ್ಟರು. ನಾನು ಬಲಗೈಯಲ್ಲಿ ತೆಗೆದುಕೊಂಡೆ, ಎಡಗೈಗೆ ದಾಟಿಸಿದೆ. ದಾಟಿಸುವಾಗ ನಳಿಗೆಯ ಬಾಯಿ ನನ್ನ ಗಂಡನ ಹೊಟ್ಟೆ, ಮಗಳ ಮುಖ, ಅವರ ಎದೆ, ಮೂರನ್ನೂ ಸವರಿಕೊಂಡು ಹೋಯಿತು. ಅಂಕಲ್ ಅಲ್ಲಾಡಲಿಲ್ಲ.

"ಕೆಳಗಿಡ್ರಿ ತಂಗಿ. ನೀವು ಎಡಚರೇನು?"

"ಹೌದು ಅಂಕಲ್."

"ಮತ್ತ ಬಲಗೈಲೆ ಯಾಕ ಇಸ್ಕೊಂಡ್ರಿ?"

ನನಗೇ ಗೊತ್ತಿರಲಿಲ್ಲ. ಎಡಗೈಯಲ್ಲಿ ಬರೆಯುವವಳು, ಎಡಗೈಯಲ್ಲಿ ತರಕಾರಿ ಹೆಚ್ಚುವವಳು. ಆದರೆ ಹಿರಿಯರು ಏನಾದರೂ ಕೊಟ್ಟರೆ ಎಡಗೈ ಚಾಚಬಾರದೆಂದು ಚಿಕ್ಕಂದಿನಿಂದ ಕೈಯೇ ಕಲಿತುಬಿಟ್ಟಿತ್ತು. ಅದನ್ನು ಹೇಳಿದಾಗ ಅವರು ತಲೆಯಾಡಿಸಿದರು. "ಇಲ್ಲಿ ಅಮೆರಿಕನ್ ಮಂದಿ ಸೀದಾ ಎಡಗೈಲೆ ಕಸ್ಕೋತಾರ. ನಮ್ಮವರು ಮರ್ಯಾದಿ ಮಾಡಾಕ ಹೋಗಿ ಎಲ್ಲಾರಿಗೂ ಗುರಿ ಇಡ್ತೀವಿ." ಅಂದಿನಿಂದ ಅವರು ನಮ್ಮ ಕಡೆಯವರಿಗೆ ಯಾರಿಗೂ ಪಿಸ್ತೂಲನ್ನು ಕೈಯಿಂದ ಕೈಗೆ ಕೊಟ್ಟಿದ್ದನ್ನು ನಾನು ನೋಡಲಿಲ್ಲ. ಹಾಸಿನ ಮೇಲೆ ಇಡುತ್ತಿದ್ದರು, ಬೇಕಾದ ಕೈಯಲ್ಲಿ ಎತ್ತಿಕೊಳ್ಳಿ ಎನ್ನುತ್ತಿದ್ದರು.

ಕೆಲವು ವಾರ ಅವರ ಹತ್ತಿರ ಕಲಿತೆವು. ಕಾಗದಪತ್ರ ಮುಗಿದ ಮೇಲೆ ನನ್ನ ಗಂಡ ಅವರ ಮಾತಿಗೆ ಮರುಳಾಗಿ, ಮೊದಲೊಬ್ಬರು ಬಳಸಿದ್ದ ಮೂರನೆಯ ಪೀಳಿಗೆಯದನ್ನು ಕೊಂಡ. ನನಗೆ ಐದನೆಯದು. ಮಗಳು ಹಿಂದಿನ ಕೋಣೆಯಲ್ಲಿ ಕೂತು ಮ್ಯಾಗಜೀನಿನ ಗುಂಡಿಯನ್ನು ಎಡಗೈಗೆ ಬದಲಾಯಿಸುತ್ತಿದ್ದಾಗ, ಇತ್ತ ಕೌಂಟರಿನಲ್ಲಿ ನನ್ನ ಗಂಡ ಕೇಳಿದ:

"ಅಂಕಲ್, ನನ್ನ ಹಳೇ ಮ್ಯಾಗಜೀನ್ ಇವಳ ಹೊಸದಕ್ಕೆ ಆಗತ್ತಾ?"

"ಆಗ್ತಾವ್ರಿ. ಹಳೇ ಡಬ್ಬಿ ಹೊಸದಕ್ಕ ಆರಾಮ ನಡೀತೈತಿ. ಅದೊಂದು ಛಲೋ ಮಾಡ್ಯಾರ."

ನಾನು ಪಕ್ಕದಲ್ಲೇ ನಿಂತಿದ್ದೆ. ಅವರು ಹೇಳಿದ್ದು ಇಷ್ಟೇ, ಇದೇ ಮಾತುಗಳಲ್ಲಿ.

ಆ ವರ್ಷ ನವರಾತ್ರಿಗೆ ನನ್ನ ಅತ್ತೆ ಮೈಸೂರಿನಿಂದ ಬಂದಿದ್ದರು. ಪಿಸ್ತೂಲಿನ ವಿಷಯ ಅವರಿಗೆ ಹೇಗೆ ಹೇಳುವುದೆಂದು ನಾನು ಹೆದರಿದ್ದೆ. ಅವರು ಹೆದರಲಿಲ್ಲ. "ಎಲ್ಲಾರೂ ಆಯುಧ ಪೂಜೆಗೆ ಮಿಕ್ಸಿ, ಲ್ಯಾಪ್‌ಟಾಪು ಇಟ್ಕೊಂಡು ಕೂತ್ಕೋತಾರೆ. ನಿಮ್ಮನೇಲಿ ನಿಜವಾದ ಆಯುಧಾನೇ ಇದೆಯಲ್ಲೋ" ಎಂದು ಮಗನಿಗೆ ಅಂದರು.

ಮಹಾನವಮಿಯ ದಿನ ನನಗೆ ರಜೆಯಿರಲಿಲ್ಲ. ಸಂಜೆ ಮನೆಗೆ ಬಂದಾಗ ಬೊಂಬೆಗಳ ಮುಂದೆ ರಂಗೋಲಿ, ಅದರ ಮೇಲೆ ಹಲಗೆ. ಹಲಗೆಯಲ್ಲಿ ಕಾರಿನ ಕೀಲಿಗಳು, ಈಳಿಗೆಮಣೆ, ಕತ್ತರಿ, ಮಿಕ್ಸಿಯ ಜಾರು, ನನ್ನ ಲ್ಯಾಪ್‌ಟಾಪು, ಅದರ ಪಕ್ಕ ನನ್ನ ಪಿಸ್ತೂಲು. ಗಂಡನದು ಸೇಫ್‌ನಲ್ಲೇ ಇತ್ತು. ಹೊಸದು ಲಕ್ಷಣವಾಗಿದೆ ಎಂದು ಅತ್ತೆ ಇದನ್ನೇ ಆರಿಸಿದ್ದರಂತೆ. ಸ್ಲೈಡಿನ ಮೇಲೆ ಅರಿಶಿನ ಕುಂಕುಮ. ಒಂದು ಸೇವಂತಿಗೆಯ ತೊಟ್ಟನ್ನು ಟ್ರಿಗರಿನ ಸುತ್ತಲ ಬಳೆಯೊಳಗೆ ನೀಟಾಗಿ ತೂರಿಸಿ ನಿಲ್ಲಿಸಿದ್ದರು. ನಳಿಗೆಯ ಬಾಯಿ ಇದ್ದದ್ದು ಅತ್ತೆ ಕೂತು ಪೂಜೆ ಮಾಡಿದ ಮಣೆಯ ಕಡೆಗೆ. ಮಣೆ ಇನ್ನೂ ಅಲ್ಲೇ ಇತ್ತು.

"ಖಾಲಿ ಇದೆಯಾ?" ಎಂದೆ ಗಂಡನಿಗೆ.

"ಮ್ಯಾಗಜೀನೇ ಇಲ್ವಲ್ಲ. ಸೇಫ್‌ನಲ್ಲಿದೆ."

"ಬೆರಳಿಟ್ಟು ನೋಡಿದ್ಯಾ?"

ಅವನು ಪಿಸ್ತೂಲಿನ ಕಡೆ ತಿರುಗಿ ನೋಡಿದ. ಹಿಂದಿನ ವಾರ ಹೌವೆಲ್ ಕಡೆ ಸಹೋದ್ಯೋಗಿಯ ಜಮೀನಿನಲ್ಲಿ ಅಭ್ಯಾಸಕ್ಕೆಂದು ಎರಡನ್ನೂ ಒಯ್ದಿದ್ದ. ಮಳೆ ಬಂತೆಂದು ಬೇಗ ಗಂಟುಕಟ್ಟಿ ಬಂದಿದ್ದ. ಪೂಜೆಗೆ ಮುಂಚೆ ಹೊರಗಿನಿಂದ ಒರೆಸಿದ್ದ, ಅಷ್ಟೇ. ನಾನು ಹಲಗೆಯ ಹತ್ತಿರ ಹೋಗಿ ಕೈ ಚಾಚಿದೆ.

"ಯಾಕಮ್ಮ, ಪೂಜೆಗಿಟ್ಟಿದ್ದನ್ನ ಇವತ್ತು ತೆಗೀಬಾರದು" ಅಂದರು ಅತ್ತೆ. "ನಾಳೆ ವಿಜಯದಶಮಿ ದಿನ ಇನ್ನೊಂದು ಆರತಿ ಮಾಡಿ ಕದಲಿಸ್ಬೇಕು. ಅಲ್ಲೀವರ್ಗೂ ಮುಟ್ಟೋ ಹಾಗಿಲ್ಲ. ನಿನ್ನ ಲ್ಯಾಪ್‌ಟಾಪೂ ಅಷ್ಟೇ."

ಸುದ್ದಿಮನೆಯಲ್ಲಿ ನಾನು ಯಾರಿಗೂ ಮಣಿಯುವವಳಲ್ಲ. ಹೂವಿನ ತೊಟ್ಟನ್ನು ನೋಡುತ್ತ ನಿಂತಾಗ ಮಾತ್ರ, ಅದನ್ನು ನಾನೇ ಎತ್ತಲು ನನಗೆ ಧೈರ್ಯವಾಗಲಿಲ್ಲ. ಅತ್ತೆಯ ಮಾತು ಒಂದು ನೆಪವಾಯಿತು. ಅಡುಗೆಮನೆಗೆ ಹೋಗಿ ಅಂಕಲ್‌ಗೆ ಫೋನ್ ಮಾಡಿದೆ. ಬೇರೆ ಯಾರಾದರೂ ನಕ್ಕುಬಿಡುತ್ತಿದ್ದರು.

"ಖಂಡೆ ಪೂಜಾಕ್ಕ ಇಟ್ಟೀರಿ" ಎಂದರು. ಅವರ ಕಡೆ ಆಯುಧ ಪೂಜೆಗೆ ಹಾಗೆನ್ನುತ್ತಾರೆ. ಅವರ ತಂದೆಯ ಸೈಕಲ್ ಅಂಗಡಿಯಲ್ಲಿ ಪಾಲುದಾರರು ಗಾಳಿ ಹೊಡೆಯುವ ಪಂಪಿಗೂ ಆ ದಿನ ಕುಂಕುಮ ಹಚ್ಚುತ್ತಿದ್ದರೆಂದು ಹಿಂದೆ ಹೇಳಿದ್ದರು. "ಯಾರರೇ ಗೂಡಿನ್ಯಾಗ ಬಟ್ಟು ಇಟ್ಟು ನೋಡೀರೇನು?"

"ಇಲ್ಲ ಅಂಕಲ್."

ಆ ಕಡೆ ಕಾರಿನ ಕೀಲಿಯ ಸದ್ದು ಕೇಳಿತು. "ಅದರ ಮುಂದ ಯಾರನ್ನೂ ಕುಂದರಸಬ್ಯಾಡ್ರಿ. ನಾ ಬಂದೆ."

ವಿಕ್ಸಮ್‌ನಿಂದ ನಮ್ಮ ಮನೆಗೆ ಕಡಿಮೆ ದೂರವಲ್ಲ, ಕೆಲಸ ಬಿಡುವ ಹೊತ್ತಿನ ಟ್ರಾಫಿಕ್ ಬೇರೆ. ಅವರು ಬರುವವರೆಗೆ ನಾನು ಅತ್ತೆಯನ್ನು ಅಡುಗೆಮನೆಯಲ್ಲೇ ಇರಿಸಿಕೊಳ್ಳಲು ಉಸಲಿ ಮಾಡುವ ಬಗೆ ಕೇಳಿದೆ, ಗೊಜ್ಜು ಕೇಳಿದೆ, ಯಾರ ಯಾರ ಮನೆಯಲ್ಲಿ ಎಷ್ಟು ಮೆಟ್ಟಿಲಿನ ಬೊಂಬೆ ಎಂದು ಕೇಳಿದೆ. ಗಂಡ ಹಲಗೆಯ ಪಕ್ಕ ಕಾವಲು ನಿಂತಿದ್ದ. ಅವನ ಮುಖದ ಮೇಲೆ ಇನ್ನೂ ನಂಬಿಕೆಯೇ ಇತ್ತು, ಆದರೆ ಅವನೂ ಮಣೆಯ ಕಡೆಗೆ ನಿಂತಿರಲಿಲ್ಲ.

ಅಂಕಲ್ ಬಂದವರು ಬಾಗಿಲಲ್ಲೇ ಬೂಟು ಬಿಚ್ಚಿದರು. ಹಲಗೆಯಿಂದ ಸ್ವಲ್ಪ ದೂರ ನಿಂತು ಅತ್ತೆಗೆ ಕೈಮುಗಿದರು.

"ಅಮ್ಮಾರ, ಪೂಜಾ ಛಲೋ ಆಗೇತಿ. ಅದೊಂದನ್ನ ನಾ ಸ್ವಲ್ಪ ನೋಡಬಹುದೇನ್ರಿ?"

ಇಷ್ಟು ದೂರ ಬಂದ ಹಿರಿಯರನ್ನು ಹೇಗೆ ಬೇಡವೆನ್ನುವುದು ಎಂದು ಅತ್ತೆ ಒಂದು ಗಳಿಗೆ ಯೋಚಿಸಿದರು. "ನಿಮಗೋಸ್ಕರ ಬೇಕಾದ್ರೆ ಈಗಲೇ ಆರತಿ ಮಾಡ್ತೀನಿ. ನಾನೇ ಒಂಚೂರು ಕದಲಿಸಿಬಿಟ್ರೆ ದೋಷ ಇಲ್ಲ. ಆಮೇಲೆ ನೀವು ತಗೊಳ್ಳಿ" ಅಂದರು. ಕಲಶ ಕದಲಿಸುವಾಗ ಮಾಡುವಂತೆ ಬಗ್ಗಿ, ಸೇವಂತಿಗೆಯನ್ನೇ ಹಿಡಿದು ಎಳೆಯಲು ಕೈ ಚಾಚಿದರು.

"ಕೈ ತಗಿ ಅವ್ವಾ."

ಎಲ್ಲರನ್ನೂ ರೀ ಹಚ್ಚಿ ಮಾತಾಡಿಸುವ ಮನುಷ್ಯ. ಅಂಗಡಿಗೆ ಬರುವ ಹುಡುಗರಿಗೂ ಬಹುವಚನ. ಅವರ ಬಾಯಲ್ಲಿ ನಾನು ಏಕವಚನ ಕೇಳಿದ್ದು ಆ ಒಂದೇ ಸಲ. ದನಿ ಏರಿಸಲಿಲ್ಲ, ಬಿರುಸಾಯಿತು ಅಷ್ಟೇ. ಅತ್ತೆಯ ಕೈ ಅಲ್ಲೇ ನಿಂತಿತು, ಆಮೇಲೆ ನಿಧಾನಕ್ಕೆ ಹಿಂದೆ ಬಂತು.

ಅಂಕಲ್ ಬದಿಯಿಂದ ಹೋಗಿ ಮಂಡಿಯೂರಿದರು. ಹೂವನ್ನು ಮುಟ್ಟಲಿಲ್ಲ. ಹಿಡಿಯನ್ನು ಮಾತ್ರ ಹಿಡಿದು, ನಳಿಗೆಯನ್ನು ಇಟ್ಟಿಗೆಯ ಗೋಡೆಯ ಕಡೆ ತಿರುಗಿಸಿ, ಸ್ಲೈಡನ್ನು ಹಿಂದಕ್ಕೆ ಎಳೆದರು. ಒಂದು ಗುಂಡು ಚಿಮ್ಮಿ ಹೊರಗೆ ಬಿತ್ತು. ಪೂಜೆಯ ದೀಪಕ್ಕೆ ತಾಗಿ ಠಣ್ ಎಂದು, ಉರುಳಿ ಮಿಕ್ಸಿಯ ಜಾರಿನ ಬುಡದಲ್ಲಿ ನಿಂತಿತು.

"ಏನದು?" ಎಂದರು ಅತ್ತೆ.

ಅಂಕಲ್ ಗೂಡಿನಲ್ಲಿ ಬೆರಳಿಟ್ಟು ನೋಡಿದರು. ತೆಗೆದು ಮತ್ತೆ ನೋಡಿದರು. ಆಮೇಲೆ ಹೂವನ್ನು ಬಿಡಿಸಿ ಅತ್ತೆಯ ಮುಂದಿಟ್ಟರು. ನನ್ನ ಗಂಡ ಸೋಫಾದ ಅಂಚಿನಲ್ಲಿ ಕೂತುಬಿಟ್ಟಿದ್ದ.

"ಡಬ್ಬಿ ತರ್ರಿ ಸಾಹೇಬ್ರ. ಅವತ್ತು ಇದಕ್ಕ ಹಾಕಿದ್ದು ಯಾವುದು, ಅದ."

ಅವನು ಸೇಫ್‌ನಿಂದ ತಂದುಕೊಟ್ಟದ್ದು ತನ್ನ ಹಳೆಯ ಮ್ಯಾಗಜೀನು. ನನ್ನವುಗಳಿಗೆ ಗುಂಡು ತುಂಬುವ ಬೇಸರಕ್ಕೆ ತನ್ನದನ್ನೇ ಹಾಕಿದ್ದನಂತೆ. ಅದು ಪದೇ ಪದೇ ಕೆಳಗೆ ಜಾರುತ್ತಿತ್ತು, ಹೊಸದು ಬಿಗಿಯಿರಬೇಕೆಂದು ಅಂಗೈಯಿಂದ ಒತ್ತಿ ಹಿಡಿದು ಸ್ಲೈಡ್ ಎಳೆದಿದ್ದ. ಅಷ್ಟರಲ್ಲಿ ಮಳೆ. ಕೈ ತೆಗೆದ ಕೂಡಲೇ ಮ್ಯಾಗಜೀನು ತಾನಾಗಿ ಜಾರಿ ಬಂತು, ಖಾಲಿಯಾಯಿತೆಂದು ಪಿಸ್ತೂಲನ್ನು ಪೆಟ್ಟಿಗೆಗೆ ಹಾಕಿದ್ದ.

ಅಂಕಲ್ ಒಳಗಿದ್ದ ಗುಂಡುಗಳನ್ನೆಲ್ಲ ತೆಗೆದು, ಬರಿಯ ಮ್ಯಾಗಜೀನನ್ನು ನನ್ನ ಪಿಸ್ತೂಲಿಗೆ ತೂರಿಸಿದರು. ಅದು ಜಾರಿ ಅವರ ಅಂಗೈಗೆ ಬಿತ್ತು. ಇನ್ನೊಮ್ಮೆ ತೂರಿಸಿದರು, ಮತ್ತೆ ಬಿತ್ತು. ಆಗ ಅದನ್ನು ದೀಪದ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಹೊಸ ಮ್ಯಾಗಜೀನಿಗೆ ಎರಡೂ ಬದಿಯಲ್ಲಿ ಕಚ್ಚು ಇರುತ್ತದೆ, ಗುಂಡಿ ಯಾವ ಕಡೆಯಿದ್ದರೂ ಹಿಡಿದುಕೊಳ್ಳಲು. ಹಳೆಯದಕ್ಕೆ ಕಚ್ಚು ಇರುವುದು ಬಲಗೈಯವರ ಗುಂಡಿಗೆ ಹೊಂದುವ ಕಡೆ ಮಾತ್ರ. ನನಗಾಗಿ ಗುಂಡಿಯನ್ನು ಆಚೆಗೆ ಹಾಕಿಸಿದ್ದೆವಲ್ಲ, ಹಳೆಯದನ್ನು ಹಿಡಿದುಕೊಳ್ಳಲು ಅಲ್ಲಿ ಏನೂ ಇರಲಿಲ್ಲ.

"ನಡೀತೈತಿ ಅಂತ ಹೇಳಿದವ ನಾ" ಅಂದರು.

"ಇಲ್ಲ ಅಂಕಲ್, ನಾನು ಚೆಕ್ ಮಾಡ್ಬೇಕಿತ್ತು. ನೀವು ಎಷ್ಟು ಸಲ ಹೇಳಿದ್ರಿ" ಎಂದ ನನ್ನ ಗಂಡ.

"ನಿಮ್ಮ ತಪ್ಪು ನಿಮಗ ಇರ್ಲಿ ಸಾಹೇಬ್ರ. ನಂದು ನನಗ ಕೊಡ್ರಿ."

ಅತ್ತೆಗೆ ಅಷ್ಟು ಹೊತ್ತಿಗೆ ವಿಷಯ ತಿಳಿದಿತ್ತು. ಅವರು ಮಣೆಯನ್ನು ಎತ್ತಿ ಗೋಡೆಗೆ ಒರಗಿಸಿ, ಒಳಗೆ ಹೋಗಿ ಕಡಲೆಕಾಳಿನ ಉಸಲಿ ತಂದು ಅಂಕಲ್‌ಗೆ ಕೊಟ್ಟರು. ಅವರು ಬಲಗೈ ಚಾಚಿ ತೆಗೆದುಕೊಂಡರು. ಬೆರಳುಗಳ ಸಂದಿಯಿಂದ ಕಾಳು ಒಂದೊಂದೇ ಕಾರ್ಪೆಟ್ಟಿನ ಮೇಲೆ ಬೀಳುತ್ತಿದ್ದವು. "ಬಿಡಿ, ಬಿಡಿ, ನಾನು ಆರಿಸ್ಕೋತೀನಿ" ಎಂದು ಅತ್ತೆ ಅವರ ಮುಂದೆಯೇ ಕೂತು ಆರಿಸಿದರು.

ಮರುದಿನ ನನ್ನ ಪಿಸ್ತೂಲನ್ನು ಹಿಂದಿರುಗಿಸಲು ಅಂಗಡಿಗೆ ಹೋದೆ. ಯಾಕೆಂದು ಅವರು ಕೇಳಲಿಲ್ಲ. ಕೇಳಿದ್ದು ಬೇರೆ.

"ನಿಮ್ಮ ಪೇಪರಿನ್ಯಾಗ ಏನರೇ ತಪ್ಪು ಅಚ್ಚಾದ್ರ ಏನ್ ಮಾಡ್ತೀರಿ ತಂಗಿ?"

"ತಿದ್ದುಪಡಿ ಹಾಕ್ತೀವಿ ಅಂಕಲ್. ಏನು ಹೇಳಿದ್ವಿ, ಸರಿಯಾದ್ದು ಏನು. ಅಷ್ಟೇ."

"ನನಗೊಂದು ಬರದು ಕೊಡ್ರಿ."

ಕೌಂಟರಿನಲ್ಲೇ ನಿಂತು, ಪತ್ರಿಕೆಯ ರೂಢಿಯಂತೆ ಬರೆದೆ: ಹಳೆಯ ಪೀಳಿಗೆಯ ಮ್ಯಾಗಜೀನು ಹೊಸ ಪಿಸ್ತೂಲಿಗೆ ಆಗುತ್ತದೆಂದು ಈ ಅಂಗಡಿಯಲ್ಲಿ ತಿಳಿಸಲಾಗಿತ್ತು, ಗುಂಡಿಯನ್ನು ಎಡಗೈಗೆ ಬದಲಾಯಿಸಿದ್ದರೆ ಅದು ಹಿಡಿಯುವುದಿಲ್ಲ. ಅವರು ಎರಡು ಸಲ ಓದಿದರು.

"ಯಾರು ತಿಳಿಸಿದ್ರು ಅಂತ ಇಲ್ಲಲ್ಲ."

"ನಾವು ಹಾಗೆ ಹೆಸರು ಹಾಕಲ್ಲ ಅಂಕಲ್."

"ನೀವು ಹಾಕಬ್ಯಾಡ್ರಿ. ನಾ ಹಾಕ್ತೀನಿ. ಅಂಗಡಿಗೆ ಬಾಯಿ ಐತೇನು, ಹೇಳಾಕ?"

ಆ ಚೀಟಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಗಾಜಿನ ಪೆಟ್ಟಿಗೆಯ ಮೇಲೆ ಅಂಟಿತು. "ನಾನು ಹೇಳಿದ್ದು ತಪ್ಪು" ಎಂದು ತಮ್ಮ ಹೆಸರಿನೊಂದಿಗೆ ಅವರೇ ಸೇರಿಸಿದ್ದು ಮೊದಲ ಸಾಲು. ಮಗಳಿಗೆ ಸಿಟ್ಟು ಬಂತು. ಯಾರಾದರೂ ಕೇಸು ಹಾಕಿದರೆ ಇದೇ ಸಾಕ್ಷಿಯಾಗುತ್ತದೆ, ಲಾಯರನ್ನು ಕೇಳದೆ ಇಂಥದ್ದೆಲ್ಲ ಅಂಟಿಸಬಾರದು ಎಂದು ವಾದಿಸಿದಳು. ಅವಳು ಹೇಳಿದ್ದರಲ್ಲಿ ಅರ್ಥವಿತ್ತು. ಅವರು ಕೇಳಿಸಿಕೊಂಡು, ಗುಂಡಿ ಬದಲಾಯಿಸಿಕೊಂಡ ಎಡಗೈಯ ಗಿರಾಕಿಗಳಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡತೊಡಗಿದರು. ಆಮೇಲೆ ಆ ಫೋನುಗಳನ್ನು ಅವಳೇ ಮುಗಿಸಿದಳಂತೆ. ಅಪ್ಪ ಪ್ರತಿಯೊಬ್ಬರಿಗೂ ನಮ್ಮ ಮನೆಯ ಸಂಗತಿಯನ್ನು ಮೊದಲಿಂದ ಹೇಳುತ್ತಿದ್ದರೆಂದು.

ಆಮೇಲೆ ಅವರು ಹಳೆಯದನ್ನು ಹೊಗಳುವುದು ಕಡಿಮೆಯಾಯಿತು. ನಿಂತೇನೂ ಹೋಗಲಿಲ್ಲ. ಎರಡನ್ನೂ ಹಾಸಿನ ಮೇಲಿಟ್ಟು ಹಳೆಯದರ ತಗ್ಗಿನ ಮೇಲೆ ಬೆರಳಾಡಿಸುತ್ತ, "ನನ್ನ ಕೈಗೆ ಇದು" ಎನ್ನುತ್ತಿದ್ದರು. ನಿಮ್ಮ ಕೈಗೆ ಯಾವುದೆಂದು ನೀವೇ ನೋಡಿಕೊಳ್ಳಿ ಎಂದು ಮಗಳನ್ನು ಕರೆಯುತ್ತಿದ್ದರು.

ನನ್ನ ಗಂಡ ತನ್ನದನ್ನು ಇಟ್ಟುಕೊಂಡ. ನಾನು ಬೇಡವೆಂದೆ, ಅವನು ಬೇಕೆಂದ. ಆ ಮಾತು ಇನ್ನೂ ಮುಗಿದಿಲ್ಲ.

ಈ ಚಳಿಗಾಲದಲ್ಲಿ ಅಂಕಲ್ ಆನ್ ಆರ್ಬರಿನ ಆಸ್ಪತ್ರೆಗೆ ಸೇರಿದರು. ಶ್ವಾಸಕೋಶದ ತೊಂದರೆ ಮೊದಲಿಂದ ಇತ್ತು, ಈ ಸಲ ಬಗ್ಗಲಿಲ್ಲ. ನಾನು ಮಧ್ಯಾಹ್ನ ನೋಡಲು ಹೋದಾಗ ಮೂಗಿಗೆ ಆಮ್ಲಜನಕದ ನಳಿಗೆ ಹಾಕಿದ್ದರು. ಮಗಳು ಕಿಟಕಿಯ ಹತ್ತಿರ ಕೂತಿದ್ದಳು. ಮಾತಾಡಿದರೆ ಆಯಾಸವಾಗುತ್ತದೆಂದು ನಾನೇ ಅದೂ ಇದೂ ಹೇಳಿದೆ. ಗಂಡ ಕೆಲಸದ ಮೇಲೆ ಶಿಕಾಗೋಗೆ ಹೋಗಿದ್ದಾನೆ, ಅತ್ತೆ ಬೇಸಿಗೆಗೆ ಮತ್ತೆ ಬರುತ್ತಾರೆ. ಕಳೆದ ವಾರವೇ ಬಂದುಬಿಟ್ಟಿದ್ದಾರೆ ಎಂದು ಆಮೇಲೆ ತಿದ್ದಿಕೊಂಡೆ. ಆ ಹೊತ್ತಿನಲ್ಲಿ ನನ್ನ ಬಾಯಿಗೆ ಏನು ಬರುತ್ತಿದೆಯೆಂದು ನನಗೇ ತಿಳಿಯುತ್ತಿರಲಿಲ್ಲ.

ಅವರು ಕಣ್ಣು ಬಿಟ್ಟರು.

"ಅಮ್ಮಾರು ಮನಿಯಾಗ ಒಬ್ರ ಅದಾರೇನು?"

"ಹೌದು ಅಂಕಲ್."

"ಸಾಹೇಬ್ರದು ಎಲ್ಲೈತಿ?"

"ಸೇಫ್‌ನಲ್ಲಿದೆ. ಬೀಗ ಹಾಕಿದೆ."

"ಹೋಗೂ ಮುಂದ ಅವರು ನೋಡಿ ಇಟ್ಟಾರೇನು?"

"ಇಟ್ಟಿರ್ತಾನೆ ಅಂಕಲ್."

ಅವರು ಉಸಿರು ತೆಗೆದುಕೊಂಡರು. ಅದಕ್ಕೇ ಸ್ವಲ್ಪ ಹೊತ್ತು ಹಿಡಿಯಿತು.

"ನೀವು ನೋಡಿಲ್ಲ."

"ಇಲ್ಲ."

"ಮತ್ತ ಇಲ್ಲಿ ಯಾಕ ಕುಂತೀರಿ ತಂಗಿ? ಹೋಗ್ರಿ. ನೋಡಿ ಫೋನ್ ಮಾಡ್ರಿ."

ಅಬ್ಬಾ, ಅವರು ಈಗಷ್ಟೇ ಬಂದಿದ್ದಾರೆ, ಎಂದಳು ಮಗಳು. ಅವರು ಕೈ ಎತ್ತಿ ಬಾಗಿಲು ತೋರಿಸಿದರು. ನಾನು ಎದ್ದೆ.

ಎಂ-ಹದಿನಾಲ್ಕರ ಹೆದ್ದಾರಿಯಲ್ಲಿ ಹಿಮ ಬೀಳುತ್ತಿತ್ತು, ಕಾರುಗಳು ತೆವಳುತ್ತಿದ್ದವು. ಅಷ್ಟು ಹೊತ್ತೂ ಅತ್ತೆ ಸೇಫ್ ತೆರೆಯಲಾರರು, ಅವರಿಗೆ ನಂಬರ್ ಗೊತ್ತಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಹೇಳಿಕೊಂಡಷ್ಟೂ ಕಾಲು ಆಕ್ಸಿಲರೇಟರನ್ನು ಒತ್ತುತ್ತಿತ್ತು. ಮನೆಗೆ ಬಂದಾಗ ಅತ್ತೆ ಸೋಫಾದಲ್ಲಿ ಕೂತು ಧಾರಾವಾಹಿ ನೋಡುತ್ತಿದ್ದರು. ನೇರ ಮಹಡಿಗೆ ಹೋಗಿ ಸೇಫ್ ತೆರೆದೆ. ಮ್ಯಾಗಜೀನು ಹೊರಗಿತ್ತು. ಸ್ಲೈಡ್ ಎಳೆದೆ, ಬೆರಳಿಟ್ಟೆ, ತೆಗೆದು ಮತ್ತೆ ಇಟ್ಟೆ. ಖಾಲಿಯಿತ್ತು. ನನ್ನ ಗಂಡ ನೋಡಿಯೇ ಹೋಗಿದ್ದ.

ಫೋನ್ ಎತ್ತಿದ್ದು ಮಗಳು.

"ಖಾಲಿ ಇದೆ ಅಂತ ಅಂಕಲ್‌ಗೆ ಹೇಳು" ಅಂದೆ.

"ಹೀ ಈಸ್ ಸ್ಲೀಪಿಂಗ್, ಆಂಟಿ" ಎಂದು ಪಿಸುಗುಟ್ಟಿ, ಆಮೇಲೆ ಕನ್ನಡದಲ್ಲಿ, ತಡೆತಡೆದು, ಅಪ್ಪನ ಕನ್ನಡದಲ್ಲೇ ಹೇಳಿದಳು: "ಎದ್ದ ಮ್ಯಾಲೆ ಹೇಳ್ತೀನ್ರಿ."

ಮರುದಿನ ಬೆಳಿಗ್ಗೆ ಅವರು ಹೋದರೆಂದು ಸುದ್ದಿ ಬಂತು. ಮಧ್ಯೆ ಒಮ್ಮೆಯಾದರೂ ಅವರಿಗೆ ಎಚ್ಚರವಾಗಿತ್ತೇ, ನನ್ನ ಮಾತನ್ನು ಅವಳು ಮುಟ್ಟಿಸಿದಳೇ, ನನಗೆ ಗೊತ್ತಿಲ್ಲ. ಮಣ್ಣಿಗೆ ಹೋದ ದಿನವೂ, ಆಮೇಲೆ ಅಂಗಡಿಯಲ್ಲಿ ಎರಡು ಸಲವೂ ಅವಳನ್ನು ಕಂಡಿದ್ದೇನೆ. ಖಚಿತಪಡಿಸಿಕೊಳ್ಳದೆ ಯಾವುದನ್ನೂ ಬರೆಯಬಾರದೆಂಬುದು ನನ್ನ ಕಸುಬು ನನಗೆ ಕಲಿಸಿದ್ದು. ಇದೊಂದನ್ನು ನಾನು ಇನ್ನೂ ಕೇಳಿಲ್ಲ.